ಸರಕು ಹಡಗು ದಿನಾ ಮುಂದಕ್ಕೆ ಹೋಗ್ತಿದೆ, ನನ್ನ ವೀಸಾ ಸಾಲುತ್ತಾ?

ಗುಬ್ಬಿ ಗೇಟ್: ತುಮಕೂರಿನಿಂದ ನಮಸ್ಕಾರ. ಕಂಟೇನರ್ ಹಡಗಿನಲ್ಲಿ ಪ್ಯಾಸೆಂಜರ್ ಆಗಿ ಹ್ಯಾಂಬರ್ಗ್‌ನಿಂದ ಬ್ರೆಜಿಲ್‌ನ ಸ್ಯಾಂಟೋಸ್‌ಗೆ ಹೊರಟಿದ್ದೇನೆ, ರಿಟೈರ್ ಆದ ಮೇಲೆ ಇದೊಂದು ಹುಚ್ಚು. ಬ್ರೆಜಿಲ್ ವೀಸಾ ಬಂದಿದೆ. ತೊಂದರೆ ಹಡಗಿನದು. ಮುಂದಿನ ತಿಂಗಳು 4ಕ್ಕೆ ಅಂದರು, ಆಮೇಲೆ 7 ಅಂದರು, ಈಗ 11. ನನ್ನ ಷೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) 12 ದಿನದ್ದು, ಜರ್ಮನಿಗೆ ವಿಮಾನ 1ನೇ ತಾರೀಕೇ ಇದೆ. ಇನ್ನೆರಡು ದಿನ ತಡವಾದರೆ ಏನು ಗತಿ?

ಕೋಲಾರದ ಇಂಜಿನ್ ರೂಮ್: ಸಾರ್, 11 ವರ್ಷ ಹಡಗಿನಲ್ಲಿ ದುಡಿದವನು ಹೇಳ್ತಿದ್ದೇನೆ, ಅಲ್ಲಿ ಕಂಟೇನರೇ ಯಜಮಾನ, ನಾವು ನೀವೆಲ್ಲ ಆಮೇಲೆ. ಗಾಳಿ ಜಾಸ್ತಿ ಇದ್ದರೆ ಕ್ರೇನ್ ನಿಲ್ಲಿಸ್ತಾರೆ, ಬಂದರಿನಲ್ಲಿ ಹಡಗು ನಿಲ್ಲಿಸೋ ಜಾಗ (ಬರ್ತ್) ಖಾಲಿ ಇಲ್ಲದಿದ್ದರೆ ಹೊರಗೆ ಲಂಗರು ಹಾಕಿ ಕಾಯ್ತಾರೆ. ವೀಸಾ ಸ್ಟಿಕ್ಕರ್ ಸರಿಯಾಗಿ ನೋಡಿ, ಎರಡು ಲೆಕ್ಕ ಇರುತ್ತದೆ: ಒಂದು ಯಾವ ತಾರೀಕಿನವರೆಗೆ ನಡೆಯುತ್ತದೆ ಅನ್ನೋದು, ಇನ್ನೊಂದು ಒಳಗೆ ಎಷ್ಟು ದಿನ ಇರಬಹುದು ಅನ್ನೋದು.

ಗುಬ್ಬಿ ಗೇಟ್: ಅಯ್ಯೋ, ಹೌದು! 12 ದಿನ ಅಂತ ಇದೆ, ಆದರೆ ತಾರೀಕು 27ರವರೆಗೆ.

ಕೋಲಾರದ ಇಂಜಿನ್ ರೂಮ್: ಅಷ್ಟೇ. ಸಾಮಾನ್ಯವಾಗಿ ತಾರೀಕಿನಲ್ಲಿ 15 ದಿನ ಜಾಸ್ತಿ ಕೊಡ್ತಾರೆ, ಅದನ್ನ ನೀವು ಗಮನಿಸಿಲ್ಲ. ದಿನದ ಲೆಕ್ಕ ಶುರುವಾಗೋದು ನೀವು ಇಳಿದ ದಿನದಿಂದ, ಇಳಿದ ದಿನ ಹೊರಟ ದಿನ ಎರಡೂ ಸೇರಿ. ವಿಮಾನ 6ಕ್ಕೆ ಮಾಡಿಸಿ, 17ರವರೆಗೆ ಉಸಿರಾಡಬಹುದು. ಹ್ಯಾಂಬರ್ಗ್ ಬಿಟ್ಟ ಮೇಲೆ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಹೋಗುತ್ತಾ ಅಂತ ಏಜೆಂಟ್‌ನ ಕೇಳಿ, ಅದೂ ಷೆಂಗೆನ್ ಒಳಗೇ. ಹಳದಿ ಜ್ವರದ ಲಸಿಕೆ ಆಯ್ತಾ? ಕಾರ್ಡ್ ಲೆಕ್ಕಕ್ಕೆ ಬರೋದು ಹಾಕಿಸಿದ 10 ದಿನದ ಮೇಲೆ. ಇಲ್ಲದಿದ್ದರೆ ಬ್ರೆಜಿಲ್‌ನಿಂದ ವಾಪಸ್ ಬಂದಾಗ ನಮ್ಮ ಏರ್‌ಪೋರ್ಟ್‌ನಲ್ಲೇ ಹಿಡಿದು 6 ದಿನದವರೆಗೆ ಪ್ರತ್ಯೇಕ ಇಡಬಹುದು. ವಾಪಸ್ ಟಿಕೆಟ್ ತಾರೀಕು ಬದಲಾಯಿಸೋಕೆ ಬರೋದನ್ನೇ ತೆಗೆದುಕೊಳ್ಳಿ.

ಚಿಂತಾಮಣಿ ಕಡ್ಲೆಕಾಯಿ: ಡಾಕ್ಟರ್ ಇರ್ತಾರಾ ಹಡಗಿನಲ್ಲಿ? ನಮ್ಮತ್ತೆ ಕೇಳ್ತಿದ್ದಾರೆ, ಹೋಗೋರು ಯಾರೋ ಅವರಿಗೇಕೆ ಗೊತ್ತಿಲ್ಲ.

ಕೋಲಾರದ ಇಂಜಿನ್ ರೂಮ್: ಇರಲ್ಲ ಅಕ್ಕ. 12 ಜನಕ್ಕಿಂತ ಜಾಸ್ತಿ ಪ್ಯಾಸೆಂಜರ್ ಇದ್ದರೆ ಅದು ಪ್ಯಾಸೆಂಜರ್ ಹಡಗು ಆಗಿಬಿಡುತ್ತದೆ, ನಿಯಮ ಬೇರೆ. ಅದಕ್ಕೇ ಸರಕು ಹಡಗಿನಲ್ಲಿ 12 ದಾಟಲ್ಲ. ಡಾಕ್ಟರ್ ಇಲ್ಲದ್ದಕ್ಕೇ ಆರೋಗ್ಯದ ಸರ್ಟಿಫಿಕೇಟ್ ಕೇಳೋದು. ಹತ್ತೋ ಮೆಟ್ಟಿಲು ಹಡಗಿನ ಪಕ್ಕಕ್ಕೆ ನೇತಾಡುತ್ತಿರುತ್ತದೆ, ಹೆಜ್ಜೆ ಇಟ್ಟರೆ ಅಲುಗಾಡುತ್ತದೆ. ಎರಡೂ ಕೈ ಹಗ್ಗದ ಮೇಲೆ ಇರಬೇಕು. ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕೋ ಚೀಲ.

ಗುಬ್ಬಿ ಗೇಟ್: ಅಪ್‌ಡೇಟ್. ವಿಮಾನ 6ಕ್ಕೆ ಬದಲಾಯಿಸಿದೆ, ದುಡ್ಡು ಹೋಯಿತು, ಹೋಗಲಿ. ಲಸಿಕೆ ಬೆಂಗಳೂರಿನಲ್ಲಿ ಆಯಿತು. ನಮ್ಮ ಡಾಕ್ಟರ್ ಫಾರಂ ಓದಿ, "ಕಡಿದಾದ ಮೆಟ್ಟಿಲು ಹತ್ತಬಲ್ಲರೇ ಅಂತ ಕೇಳಿದ್ದಾರಲ್ಲ, ಮೊದಲು ಸಿದ್ಧಗಂಗೆ ಬೆಟ್ಟ ಹತ್ತಿ ಬನ್ನಿ, ಆಮೇಲೆ ಸೈನ್ ಹಾಕ್ತೀನಿ" ಅಂದರು. ಹತ್ತಿದೆ, ಎರಡು ಕಡೆ ಕೂತೆ, ಅದನ್ನ ಅವರಿಗೆ ಹೇಳಿಲ್ಲ. ಚಟ್ನಿಪುಡಿ, ರಾಗಿ ಹುರಿಹಿಟ್ಟು ಚೀಲದಲ್ಲಿದೆ. ಆಂಟ್‌ವರ್ಪ್‌ನಲ್ಲಿ ಒಂದು ದಿನ ನಿಲ್ಲುತ್ತದಂತೆ. ಬೆಳಗ್ಗೆ ಮೇಲ್ ಬಂತು, ಹಡಗು ಈಗ 13ಕ್ಕೆ.