ಕಾಲೇಜಿಗೆ ಎಸಿ: ಯಾವುದಕ್ಕೆ ಕರೆಂಟ್ ಕಡಿಮೆ? ಬಳಸಿದವರು ಹೇಳಿ

ಹುಬ್ಬಳ್ಳಿ, ಕಾಲೇಜು ಸಿಬ್ಬಂದಿ:
ನಮ್ಮ ಕಂಪ್ಯೂಟರ್ ಲ್ಯಾಬ್‌ಗೂ ಸೆಮಿನಾರ್ ಹಾಲ್‌ಗೂ ಎಸಿ ಹಾಕಿಸಬೇಕು. ಒಬ್ಬರು ಇನ್ವರ್ಟರ್ ಸ್ಪ್ಲಿಟ್ ಸಾಕು ಅಂತಾರೆ. ಇನ್ನೊಬ್ಬರು ಎಲ್ಲ ಕೋಣೆಗೂ ಸೇರಿ ಹೊರಗೆ ಒಂದೇ ಯಂತ್ರ ಇರುವ ವಿಆರ್‌ಎಫ್ ಹಾಕಿಸಿ, ಕರೆಂಟ್ ಉಳಿಯುತ್ತದೆ ಅಂತಾರೆ. ನಿಮ್ಮ ಅನುಭವ ಹೇಳಿ. ಬಿಲ್ ಕಟ್ಟೋದು ಮಕ್ಕಳ ಫೀಸಿನಿಂದಲೇ ಅಲ್ವಾ.

ಧಾರವಾಡ, ಲ್ಯಾಬ್ ನೋಡಿಕೊಳ್ಳುವವರು:
ಸರ್, ಮೊದಲು ಯಾವ ಕೋಣೆ ಎಷ್ಟು ಗಂಟೆ ನಡೆಯುತ್ತದೆ ಅಂತ ಬರೆದುಕೊಳ್ಳಿ. ನಾವು ಬರೀ ಸ್ಟಾರ್ ನೋಡಿ ತಪ್ಪು ಮಾಡಿದೆವು. ಲೇಬಲ್ ಮೇಲಿನ ವರ್ಷದ ಯೂನಿಟ್ ಲೆಕ್ಕ 1600 ಗಂಟೆಯದು. ದಿನಕ್ಕೆ 8 ಗಂಟೆ, 200 ದಿನ ನಡೆಯುವ ಲ್ಯಾಬ್‌ಗೆ ಅದು ಸರಿಹೊಂದುತ್ತದೆ. ನಮ್ಮ ಹಾಲ್ ಮಾತ್ರ ವರ್ಷಕ್ಕೆ 100 ಗಂಟೆಯೂ ದಾಟಲಿಲ್ಲ.

ಲೆಕ್ಕ ನೋಡಿ. ಒಂದೂವರೆ ಟನ್ ಅಂದರೆ ಸುಮಾರು 5.2 ಕಿಲೋವ್ಯಾಟ್ ತಂಪು. ಸರಾಸರಿ ಅದರ ಅರ್ಧ, 2.6, ಕೊಡುತ್ತದೆ ಅಂತಿಟ್ಟುಕೊಳ್ಳಿ. ಲೇಬಲ್‌ನಲ್ಲಿ ಐಎಸ್‌ಇಇಆರ್ ಅಂತ ಒಂದು ಅಂಕಿ ಇರುತ್ತದೆ, ಅಂದರೆ ತಿಂದ ಕರೆಂಟಿನ ಎಷ್ಟು ಪಟ್ಟು ತಂಪು ಕೊಡುತ್ತದೆ ಅಂತ. ಅದು 4 ಇದ್ದರೆ ಗಂಟೆಗೆ 0.65 ಯೂನಿಟ್, 5 ಇದ್ದರೆ 0.52. ಲ್ಯಾಬ್‌ನಲ್ಲಿ ವರ್ಷಕ್ಕೆ 208 ಯೂನಿಟ್ ಉಳಿಯುತ್ತದೆ. ಹಾಲ್‌ನಲ್ಲಿ ಬರೀ 13! ನಾವು ದುಬಾರಿ ಎಸಿ ಹಾಲ್‌ಗೆ ಹಾಕಿ, ಹಳೇದನ್ನು ಲ್ಯಾಬ್‌ಗೆ ಬಿಟ್ಟೆವು. ಇವತ್ತಿಗೂ ಬೇಜಾರಾಗುತ್ತದೆ.

ಗದಗ, ಶಾಲೆ ಟೀಚರ್:
ಲ್ಯಾಬ್ ಕೊನೆ ಮಹಡಿಯಲ್ಲಿದೆಯಾ? ಆರ್‌ಸಿಸಿ ಚಾವಣಿ ಮಧ್ಯಾಹ್ನ ಕುಡಿದ ಬಿಸಿಯನ್ನು ರಾತ್ರಿವರೆಗೂ ಕೆಳಗೆ ಬಿಡುತ್ತದೆ. ನಾವು ಮೊದಲು ಚಾವಣಿಗೆ ಬಿಳಿ ಬಣ್ಣ ಬಳಿಸಿದೆವು. ಪಶ್ಚಿಮದ ಕಿಟಕಿಗಳಿಗೆ ಹೊರಗಡೆಯಿಂದ ಬಿದಿರಿನ ತಟ್ಟಿ ಕಟ್ಟಿಸಿದೆವು. ಎರಡು ಟನ್ ಬೇಕು ಅಂದಿದ್ದವರು ಆಮೇಲೆ ಒಂದೂವರೆ ಸಾಕು ಅಂದರು.

ಹುಬ್ಬಳ್ಳಿ, ಬೇರೆ ಕಾಲೇಜಿನ ಮೇಂಟೆನೆನ್ಸ್:
ನಮ್ಮಲ್ಲಿ ವಿಆರ್‌ಎಫ್ ಇದೆ, ಹತ್ತು ಕೋಣೆಗೆ. ಐದಾರು ಕೋಣೆ ಒಟ್ಟಿಗೆ ನಡೆಯುವಾಗ ನಿಜವಾಗಿಯೂ ಚೆನ್ನಾಗಿದೆ. ಆದರೆ ರಜೆಯಲ್ಲಿ ಆಫೀಸ್ ಕೋಣೆ ಒಂದೇ ನಡೆದರೆ ಕಂಪ್ರೆಸರ್ ಪದೇ ಪದೇ ನಿಂತು ಶುರುವಾಗುತ್ತದೆ. ಆಗ ಎಸಿಗೇ ಅಂತ ಬೇರೆ ಹಾಕಿಸಿದ ಸಬ್‌ಮೀಟರ್ ನೋಡಿದರೆ ಸ್ಪ್ಲಿಟ್‌ಗಿಂತ ಜಾಸ್ತಿ ತಿಂದಿರುತ್ತದೆ. ಹೊರಗಿನ ಯಂತ್ರ ಕೆಟ್ಟ ದಿನ ಹತ್ತೂ ಕೋಣೆ ಬಿಸಿ. ನಿಮ್ಮದು ಎರಡೇ ಕೋಣೆ, ನಡೆಯುವ ಹೊತ್ತೂ ಬೇರೆ. ಸ್ಪ್ಲಿಟ್ ಹಾಕಿಸಿ.

ನೀರಿನ ಚಿಲ್ಲರ್, ಅಂದರೆ ನೀರನ್ನು ತಂಪು ಮಾಡಿ ಕೊಳವೆಯಲ್ಲಿ ಕಟ್ಟಡಕ್ಕೆಲ್ಲ ಕಳಿಸುವ ದೊಡ್ಡ ಯಂತ್ರದ ಮಾತು ಯಾರಾದರೂ ತೆಗೆದರೆ ಒಪ್ಪಬೇಡಿ. ನೀರು ಆವಿ ಮಾಡಿ ಬಿಸಿ ಹೊರಹಾಕುವ ಅದರ ಕೂಲಿಂಗ್ ಟವರ್‌ಗೆ ದಿನವೂ ನೀರು ಬೇಕು. ನಲ್ಲಿ ನೀರಿಗೆ ದಿನ ಎಣಿಸುವ ಊರು ನಮ್ಮದು.

ಹಾಲ್‌ನಲ್ಲಿ ಎಷ್ಟು ಜನ ಕೂರುತ್ತಾರೆ? ಸುಮ್ನೆ ಕೂತವರ ಮೈಯಿಂದಲೂ ತಲಾ 100 ವ್ಯಾಟ್‌ನಷ್ಟು ಬಿಸಿ ಬರುತ್ತದೆ. 60 ಮಂದಿಗೆ 6 ಕಿಲೋವ್ಯಾಟ್. ಒಂದೂವರೆ ಟನ್ ಜನರ ಬಿಸಿಗೇ ಸಾಲದು. ಮಾಮೂಲಿ ಸ್ಪ್ಲಿಟ್ ಹೊರಗಿನ ಗಾಳಿ ತರುವುದೂ ಇಲ್ಲ. ನಡುವೆ ಹತ್ತು ನಿಮಿಷ ಕಿಟಕಿ ತೆರೆಯಲೇಬೇಕು, ಇಲ್ಲದಿದ್ದರೆ ಮಕ್ಕಳು ತೂಕಡಿಸುತ್ತಾರೆ.

ಹಾವೇರಿ, ಪಾಲಿಟೆಕ್ನಿಕ್ ಉಪನ್ಯಾಸಕಿ:
ರಿಮೋಟ್ 24ರಲ್ಲಿಟ್ಟು ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ. ನಮ್ಮಲ್ಲಿ 18ರಲ್ಲಿಟ್ಟು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು.

ಹುಬ್ಬಳ್ಳಿ, ಕಾಲೇಜು ಸಿಬ್ಬಂದಿ:
ಎಲ್ಲರಿಗೂ ಧನ್ಯವಾದ. ಲ್ಯಾಬ್ ಕೊನೆ ಮಹಡಿಯಲ್ಲೇ ಇದೆ ಟೀಚರ್. ಮೊದಲು ಚಾವಣಿಗೆ ಬಣ್ಣ, ಆಮೇಲೆ ಲ್ಯಾಬ್‌ಗೆ 5 ಸ್ಟಾರ್ ಸ್ಪ್ಲಿಟ್, ಜೊತೆಗೆ ಸಬ್‌ಮೀಟರ್. ಏಪ್ರಿಲ್ ತಿಂಗಳ ಯೂನಿಟ್ ಇಲ್ಲೇ ಹಾಕುತ್ತೇನೆ. ಧಾರವಾಡದ ಸರ್, ನಿಮ್ಮದನ್ನೂ ಹಾಕಿ.