ಮೆದುಳಿನ ಕೆಮಿಕಲ್ ಏರುಪೇರು ಅನ್ನೋದೇ ಸುಳ್ಳಾದ್ರೆ ತಂಗಿ ಮಾತ್ರೆ ಯಾಕೆ ತಗೋಬೇಕು?

ದಾವಣಗೆರೆ ಅಣ್ಣ:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಬೈಪೋಲಾರ್ ಕಾಯಿಲೆ ಇದೆ, ಅಂದರೆ ಕೆಲವೊಮ್ಮೆ ವಿಪರೀತ ಹುರುಪಿನ ಉನ್ಮಾದ, ಕೆಲವೊಮ್ಮೆ ಖಿನ್ನತೆ. ಮೊದಲ ಸಲ ಕಾಣಿಸಿಕೊಂಡಿದ್ದು ದುಗ್ಗಮ್ಮನ ಜಾತ್ರೆ ಸಮಯದಲ್ಲಿ. ಮನೆ ತುಂಬ ನೆಂಟರು, ಗಲಾಟೆ. ಅವಳು ರಾತ್ರಿಯೆಲ್ಲ ನಿದ್ದೆ ಮಾಡ್ತಿರಲಿಲ್ಲ, ಆದರೂ ಸುಸ್ತು ಅನ್ನೋದೇ ಇಲ್ಲ. ಒಂದೇ ಸಮನೆ ಮಾತು. ಬೀರುವಿನಲ್ಲಿದ್ದ ಹೊಸ ಸೀರೆಗಳನ್ನೆಲ್ಲ ತೆಗೆದು ಬಂದವರಿಗೆ ಹಂಚಿಬಿಟ್ಟಳು, ನಸುಕಿನಲ್ಲಿ ಪಿ.ಬಿ. ರಸ್ತೆಯಲ್ಲಿ ಒಬ್ಬಳೇ ನಡೆದು ಹೋಗ್ತಿದ್ದಳು. ಮನೆಯವರು ಮೊದಲು ಉಕ್ಕಡಗಾತ್ರಿ ಅಜ್ಜಯ್ಯನ ಸನ್ನಿಧಿಗೆ ಕರೆದುಕೊಂಡು ಹೋದರು, ಆಮೇಲೆ ಆಸ್ಪತ್ರೆಗೆ. ಲಿಥಿಯಂ ಮಾತ್ರೆ ಶುರುವಾದ ಮೇಲೆ ನಿಧಾನಕ್ಕೆ ಹತೋಟಿಗೆ ಬಂತು. ಈಗ ಬಿ.ಎಡ್. ಓದ್ತಿದ್ದಾಳೆ.

ಈಗಿನ ತೊಂದರೆ ಬೇರೆ. ಚಿಕ್ಕಪ್ಪನ ಮಗ ಒಂದು ವಿಡಿಯೋ ಕಳಿಸಿದ್ದಾನೆ. ಮೆದುಳಿನಲ್ಲಿ ಸಿರೊಟೋನಿನ್ ಅನ್ನೋ ಕೆಮಿಕಲ್ ಕಡಿಮೆಯಾಗಿ ಮಾನಸಿಕ ಕಾಯಿಲೆ ಬರುತ್ತೆ ಅನ್ನೋದಕ್ಕೆ ಆಧಾರವೇ ಇಲ್ಲ, ಮಾತ್ರೆ ಬಿಟ್ಟುಬಿಡಿ ಅಂತ ಅದರಲ್ಲಿ ಹೇಳ್ತಾರೆ. ನಮಗೆ ಡಾಕ್ಟರ್ ಹೇಳಿದ್ದು ಕೂಡ 'ಕೆಮಿಕಲ್ ಏರುಪೇರು' ಅಂತಲೇ. ತಂಗಿ ವಿಡಿಯೋ ನೋಡಿ 'ಹಾಗಾದ್ರೆ ನಾನ್ಯಾಕೆ ಇದನ್ನ ನುಂಗ್ಬೇಕು ಅಣ್ಣ' ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇತ್ತೀಚೆಗೆ ಅವಳಿಗೆ ಯಾವಾಗಲೂ ಮಂಪರು, ಮೈ ಭಾರ, ಕೂದಲು ಉದುರುತ್ತೆ, ತೂಕವೂ ಜಾಸ್ತಿಯಾಗಿದೆ. ಮನೆಯಲ್ಲಿ ಗಂಡು ನೋಡುವ ಮಾತು ನಡೀತಿದೆ. ಸೋದರತ್ತೆ ಒಬ್ಬರು 'ಇದು ರಕ್ತದಲ್ಲಿ ಬರೋ ಕಾಯಿಲೆ, ನಾಳೆ ಮಕ್ಕಳಿಗೂ ಬರುತ್ತೆ' ಅಂತ ಅವಳ ಎದುರಿಗೇ ಅಂದರು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸೈಕಿಯಾಟ್ರಿ ಪಿ.ಜಿ.:

ಅಣ್ಣಾವ್ರೇ, ಮೊದಲು ಇದು. ಇವತ್ತಿನ ಮಾತ್ರೆ ತಪ್ಪಿಸಬೇಡಿ. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಆ ಜಾತ್ರೆ ಸಮಯದ ಸ್ಥಿತಿ ಮತ್ತೆ ಬರುವ ಸಾಧ್ಯತೆ ಹೆಚ್ಚು. ನಿಲ್ಲಿಸಲೇಬೇಕು ಅಂತಾದರೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಗೊಂಡು, ಡಾಕ್ಟರ್ ಕಣ್ಣೆದುರಿಗೇ ಸ್ವಲ್ಪಸ್ವಲ್ಪ ಇಳಿಸಬೇಕು.

ವಿಡಿಯೋ ಪೂರ್ತಿ ಸುಳ್ಳಲ್ಲ. 2022ರಲ್ಲಿ ಲಂಡನ್ನಿನ ಜೊವಾನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಖಿನ್ನತೆ ಇರುವವರಲ್ಲಿ ಸಿರೊಟೋನಿನ್ ಕಡಿಮೆ ಇರುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ ಬರೆದರು. ಆದರೆ ಅವರು ನೋಡಿದ್ದು ಖಿನ್ನತೆಯನ್ನು. ನಿಮ್ಮ ತಂಗಿಗಿರುವುದು ಬೈಪೋಲಾರ್, ಲಿಥಿಯಂ ಸಿರೊಟೋನಿನ್ ತುಂಬಿಸಲಿಕ್ಕೆ ಕೊಡುವ ಮಾತ್ರೆಯೂ ಅಲ್ಲ. ಇನ್ನೊಂದು ವಿಷಯ, ಕಾಯಿಲೆಗೆ ಕೊಟ್ಟ ಕಾರಣ ತಪ್ಪು ಅಂತಾದ ಮಾತ್ರಕ್ಕೆ ಮಾತ್ರೆ ಕೆಲಸ ಮಾಡಲ್ಲ ಅಂತ ಆಗಲ್ಲ.

ಕೆಮಿಕಲ್ ಏರುಪೇರಿನ ವಾದ ಹುಟ್ಟಿದ್ದೇ ಹಿಂದುಮುಂದಾಗಿ, ಔಷಧಿಯ ಪರಿಣಾಮ ನೋಡಿ ಕಾರಣ ಊಹಿಸಿ. 1950ರ ದಶಕದಲ್ಲಿ ಕ್ಷಯರೋಗಕ್ಕೆ ಐಪ್ರೋನಿಯಜಿಡ್ ಕೊಟ್ಟರೆ ರೋಗಿಗಳ ಮನಸ್ಸು ಗೆಲುವಾಯಿತು. ಅದೇ ಕಾಲಕ್ಕೆ ನಮ್ಮ ಸರ್ಪಗಂಧದಿಂದ ತೆಗೆದ ರಿಸರ್ಪಿನ್ ಅನ್ನು ಬಿ.ಪಿ.ಗೆ ಕೊಟ್ಟಾಗ ಕೆಲವರು ಕುಗ್ಗಿಹೋದರು (ಸರ್ಪಗಂಧವನ್ನು ಬಿ.ಪಿ.ಗೂ ಉನ್ಮಾದಕ್ಕೂ ಕೊಡಬಹುದು ಅಂತ ಕಲ್ಕತ್ತಾದ ಇಬ್ಬರು ವೈದ್ಯರು 1931ರಲ್ಲೇ ಬರೆದಿದ್ದರು, ನಮ್ಮವರಿಗೇ ಇದು ಗೊತ್ತಿಲ್ಲ). ಮೊದಲನೆಯದು ಮೆದುಳಿನಲ್ಲಿ ಸಿರೊಟೋನಿನ್, ನಾರ್‌ಅಡ್ರಿನಲಿನ್ ಥರದ ಕೆಮಿಕಲ್‌ಗಳನ್ನು ಹೆಚ್ಚಿಸುತ್ತೆ, ಎರಡನೆಯದು ಬರಿದು ಮಾಡುತ್ತೆ. ಹಾಗಾಗಿ ಇವು ಕಡಿಮೆಯಾಗೋದೇ ಖಿನ್ನತೆಗೆ ಕಾರಣ ಇರಬೇಕು ಅಂತ ಊಹಿಸಿದರು. ಆ ಊಹೆಯೇ ಮುಂದೆ ಎಲ್ಲ ಮಾನಸಿಕ ಕಾಯಿಲೆಗೂ ಒಂದೇ ಉತ್ತರ ಆಗಿಬಿಟ್ಟಿತು. ಡಾಕ್ಟರುಗಳೂ ಸುಲಭ ಅಂತ ಅದನ್ನೇ ಹೇಳ್ತೀವಿ. ಹಾಗೆ ಹೇಳೋದನ್ನು ನಾವು ಬಿಡಬೇಕು ಅನ್ನೋದು ನನ್ನ ಅಭಿಪ್ರಾಯ.

ಲಿಥಿಯಂ ಕಥೆಯೇ ನೋಡಿ. ಉನ್ಮಾದಕ್ಕೆ ದೇಹದಲ್ಲಿರುವ ಯಾವುದೋ ವಿಷ ಕಾರಣ ಇರಬಹುದು ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ ಹುಡುಕುತ್ತಿದ್ದರು. ಯೂರಿಕ್ ಆಮ್ಲದ ಮೇಲೆ ಅನುಮಾನ ಇತ್ತು. ಅದು ಚೆನ್ನಾಗಿ ಕರಗಲಿ ಅಂತ ಲಿಥಿಯಂ ಸೇರಿಸಿ ಗಿನಿಯಿಲಿಗಳಿಗೆ ಚುಚ್ಚಿದರು, ಇಲಿಗಳು ಮಂಕಾಗಿ ಬಿದ್ದುಕೊಂಡವು. ಆಮೇಲೆ ತಾವೇ ಲಿಥಿಯಂ ನುಂಗಿ ನೋಡಿ, ಉನ್ಮಾದದ ರೋಗಿಗಳಿಗೆ ಕೊಟ್ಟರು. 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ಯೂರಿಕ್ ಆಮ್ಲದ ಊಹೆ ನಿಲ್ಲಲಿಲ್ಲ, ಔಷಧಿ ಮಾತ್ರ ನಿಂತಿತು. ಮುಂದೆ ಡೆನ್ಮಾರ್ಕಿನ ಮೋಗೆನ್ಸ್ ಶೂ ಸರಿಯಾದ ಪ್ರಯೋಗಗಳನ್ನು ಮಾಡಿ ತೋರಿಸಿದರು. ಜೀವಕೋಶದ ಒಳಗೆ ಅದು ಎಲ್ಲೆಲ್ಲಿ ಕೆಲಸ ಮಾಡುತ್ತೆ ಅನ್ನೋದು ವಿಜ್ಞಾನಕ್ಕೆ ಇಂದಿಗೂ ಪೂರ್ತಿ ಬಿಡಿಸಲಾಗದ ಪ್ರಶ್ನೆ. ಕಾಯಿಲೆ ಮರುಕಳಿಸೋದನ್ನು ತಡೆಯುತ್ತೆ ಅನ್ನೋದರಲ್ಲಿ ಅನುಮಾನವಿಲ್ಲ.

ರಕ್ತದಲ್ಲಿ ಬರುತ್ತೆ ಅನ್ನೋ ಮಾತು. ಹೌದು, ಬೈಪೋಲಾರ್‌ಗೆ ವಂಶದ ಪಾಲು ದೊಡ್ಡದು. ಆದರೆ ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ ಬರೋದು ನೂರಕ್ಕೆ ಸುಮಾರು 5ರಿಂದ 10 ಜನಕ್ಕೆ. ಮಿಕ್ಕವರಿಗೆ ಬರಲ್ಲ. ಒಂದೇ ಜೀನು ಇಟ್ಟುಕೊಂಡ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೇ ಇರೋದು ಎಷ್ಟೋ ಇದೆ. ಅತ್ತೆಯವರಿಗೆ ಇದನ್ನೇ ಹೇಳಿ.

ಕೊನೆಯದು, ಮುಖ್ಯವಾದದ್ದು. ಮಂಪರು, ತೂಕ, ಕೂದಲು ಉದುರೋದು ಅಂದಿರಲ್ಲ, ಥೈರಾಯ್ಡ್ ನೋಡಿಸಿದ್ದೀರಾ? ಲಿಥಿಯಂ ತಗೊಳ್ಳುವ ಕೆಲವರಲ್ಲಿ, ಹೆಂಗಸರಲ್ಲಿ ಜಾಸ್ತಿ, ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗುತ್ತೆ. ಅದಕ್ಕೆ ಬೇರೆ ಮಾತ್ರೆ ಇದೆ, ಲಿಥಿಯಂ ಬಿಡಬೇಕಾಗಿಲ್ಲ. ಮದುವೆಯಾಗಿ ಮಗು ಬೇಕು ಅಂದುಕೊಳ್ಳುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಯಾರಾದರೂ ಲಿಥಿಯಂ ಬದಲು ವಾಲ್‌ಪ್ರೊಯೇಟ್ ಬರೆದರೆ ಎರಡು ಸಲ ಕೇಳಿ. ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೂ ಬುದ್ಧಿ ಬೆಳವಣಿಗೆಗೂ ಅದರಿಂದ ಅಪಾಯ ಇದೆ.

ಜಗಳೂರು ಅಕ್ಕ:

ಡಾಕ್ಟರಮ್ಮ ಹೇಳಿದ್ದು ಸರಿ. ಆದರೆ ಎಲ್ಲವನ್ನೂ ಮೆದುಳಿಗೆ ಕಟ್ಟಿದರೆ ನನಗೆ ಸಂಕಟ ಆಗುತ್ತೆ. ನಮ್ಮ ಯಜಮಾನರಿಗೆ ಖಿನ್ನತೆ ಬಂದಿದ್ದು ಮಳೆ ಕೈಕೊಟ್ಟು ಮೆಕ್ಕೆಜೋಳ ತೆನೆ ಕಟ್ಟದೇ ಒಣಗಿ, ಬೋರ್‌ವೆಲ್ಲೂ ನಿಂತು, ಸೊಸೈಟಿ ಸಾಲದ ನೋಟಿಸ್ ಬಂದ ಮೇಲೆ. ತಟ್ಟೆ ಮುಂದೆ ಕೂರುತ್ತಿದ್ದರು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಾಗೇ ಕೈಯಲ್ಲಿ ಹಿಡಿದುಕೊಂಡು ಕೂತುಬಿಡೋರು. ಆಸ್ಪತ್ರೆಯಲ್ಲಿ ಕೆಮಿಕಲ್ ಕಡಿಮೆಯಾಗಿದೆ ಅಂತ ಮಾತ್ರೆ ಬರೆದರು. ಸಾಲದ ಬಗ್ಗೆ ಯಾರೂ ಕೇಳಲಿಲ್ಲ. ಮಾತ್ರೆಯಿಂದ ನಿದ್ದೆ ಬಂತು, ಊಟ ಸೇರಿತು, ಅದನ್ನು ನಾನು ಇಲ್ಲ ಅನ್ನಲ್ಲ. ಅವರು ಎದ್ದು ಹೊಲಕ್ಕೆ ಹೋಗಿದ್ದು ಮಾತ್ರ ನಮ್ಮಣ್ಣ ಜೊತೆಗೆ ಕೂತು ಸಾಲದ ಕಂತು ಮಾಡಿಸಿದ ಮೇಲೆ. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯೋ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯದ ಕ್ಲಿನಿಕ್‌ನಲ್ಲಿ ಇದನ್ನೆಲ್ಲ ಕೇಳುವವರು ಸಿಕ್ಕರು. ರಾತ್ರಿ ಹೊತ್ತು ಯಾರಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ.

ಸೈಕಿಯಾಟ್ರಿ ಪಿ.ಜಿ.:

ಅಕ್ಕ, ನಿಮ್ಮ ಮಾತು ಒಪ್ಪುತ್ತೀನಿ. ಸಾಲದ ಚಿಂತೆ ನಿದ್ದೆ ಕೆಡಿಸುತ್ತೆ, ಕೆಟ್ಟ ನಿದ್ದೆ ಮೆದುಳನ್ನು ಕೆಡಿಸುತ್ತೆ. ಎರಡನ್ನೂ ನೋಡದಿದ್ದರೆ ಚಿಕಿತ್ಸೆ ಅರ್ಧವೇ. ಬೈಪೋಲಾರ್‌ನಲ್ಲಂತೂ ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತೆ. ಅಣ್ಣಾವ್ರೇ, ಮದುವೆ ಮನೆ ಇರಲಿ, ಜಾತ್ರೆ ಇರಲಿ, ತಂಗಿಗೆ ರಾತ್ರಿ ನಿದ್ದೆ ತಪ್ಪಬಾರದು. ಬೇಕಿದ್ದರೆ ಮನೆಯವರ ಜೊತೆ ಜಗಳ ಆಡಿ.

ಔಷಧಿ ಅಂಗಡಿಯವ, ಚಳ್ಳಕೆರೆ:

ನನ್ನದೂ ಒಂದು ಮಾತು. ಲಿಥಿಯಂನಲ್ಲಿ ಸಾಕಾಗುವಷ್ಟಕ್ಕೂ ವಿಷವಾಗುವಷ್ಟಕ್ಕೂ ನಡುವೆ ಅಂತರ ಬಹಳ ಸಣ್ಣದು. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ಅಪಾಯ. ನಮ್ಮ ಕಡೆ ಬಿಸಿಲು ಗೊತ್ತಲ್ಲ. ಏಪ್ರಿಲ್‌ನಲ್ಲಿ ಶೇಂಗಾ ಮಿಲ್‌ನಲ್ಲಿ ಕೆಲಸ ಮಾಡೋ ಒಬ್ಬರು ಬಂದು ಕೈ ಚಾಚಿದರು, ಬೆರಳು ಪಟಪಟ ಅಂತ ಅದುರುತ್ತಿತ್ತು, ಮಾತು ತೊದಲುತ್ತಿತ್ತು, ವಾಂತಿ ಬೇರೆ. ಮಂಡಿನೋವಿಗೆ ಅಂತ ಬೇರೆ ಕಡೆಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದರಂತೆ. ಬೆವರಿ ನೀರು ಕಡಿಮೆಯಾಗಿದೆ, ಮೇಲೆ ಆ ಮಾತ್ರೆ, ಎರಡೂ ಸೇರಿ ಲಿಥಿಯಂ ಮೈಯಲ್ಲೇ ಉಳಿದುಬಿಡುತ್ತೆ. ಅಂಗಡಿ ಹುಡುಗನ ಜೊತೆ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ನೋವಿನ ಮಾತ್ರೆ, ಬಿ.ಪಿ.ಗೆ ಕೊಡುವ ಕೆಲವು ಮಾತ್ರೆ ಕೇಳದೇ ತಗೋಬೇಡಿ. ವಾಂತಿ ಭೇದಿ ಆದರೆ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. ಊಟದಲ್ಲಿ ಉಪ್ಪನ್ನು ಒಮ್ಮೆಗೇ ಬಿಡಬಾರದು, ತೂಕ ಇಳಿಸಲಿಕ್ಕೆ ಅಂತ ಈಗಿನ ಹುಡುಗಿಯರು ಹಾಗೆ ಮಾಡ್ತಾರೆ.

ದಾವಣಗೆರೆ ಅಣ್ಣ:

ಎಲ್ಲರಿಗೂ ಕೈ ಮುಗೀತೀನಿ. ಇದನ್ನು ತಂಗಿಗೆ ಓದಿ ಹೇಳಿದೆ. ಗಿನಿಯಿಲಿ ಕಥೆ ಎರಡು ಸಲ ಓದಿಸಿಕೊಂಡಳು. ಫೈಲ್ ತೆಗೆದು ನೋಡಿದರೆ ಥೈರಾಯ್ಡ್ ಪರೀಕ್ಷೆ ಮಾತ್ರೆ ಶುರು ಮಾಡುವಾಗ ಆಗಿದ್ದು, ಮತ್ತೆ ಆಗಿಲ್ಲ. ಈಗ ಡಾಕ್ಟರಿಗೆ ಫೋನ್ ಮಾಡಿದೆ, ಸೋಮವಾರ ಲಿಥಿಯಂ ಲೆವೆಲ್, ಥೈರಾಯ್ಡ್, ಕಿಡ್ನಿ ಮೂರೂ ಮಾಡಿಸಿಕೊಂಡು ಬನ್ನಿ ಅಂದರು. ಅವಳು ರಾತ್ರಿ ಒಂದು, ಬೆಳಿಗ್ಗೆ ಒಂದು ತಗೋತಾಳೆ. ರಕ್ತ ಕೊಡೋ ದಿನ ಬೆಳಗಿನ ಮಾತ್ರೆ ತಗೊಂಡೇ ಹೋಗಬೇಕಾ?

ಔಷಧಿ ಅಂಗಡಿಯವ, ಚಳ್ಳಕೆರೆ:

ಬೇಡ. ರಾತ್ರಿ ಮಾತ್ರೆ ತಗೊಂಡು 12 ತಾಸು ಕಳೆದ ಮೇಲೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ತಗೊಂಡರೆ ಬೆಳಿಗ್ಗೆ 9ಕ್ಕೆ ಲ್ಯಾಬ್‌ನಲ್ಲಿರಿ. ಬೆಳಗಿನ ಮಾತ್ರೆ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ರಕ್ತ ಕೊಟ್ಟ ತಕ್ಷಣ ತಿಂಡಿ ತಿಂದು ಅಲ್ಲೇ ತಗೊಳ್ಳಲಿ.