‘ಕಂಪೌಂಡರ್’ಗೆ ಕನ್ನಡ ಪದ ಬೇಕು, ಸಂಜೆಯೊಳಗೆ

ನಮಸ್ಕಾರ. ಸೆಪ್ಟೆಂಬರ್ 25ರ ಫಾರ್ಮಸಿಸ್ಟ್ ದಿನಕ್ಕೆ ನಮ್ಮ ಕಾಲೇಜಿನಲ್ಲಿ ಹಳೇ ಕಾಲದ ಔಷಧಿ ಕೋಣೆ ಜೋಡಿಸುತ್ತಿದ್ದೇವೆ. ತಕ್ಕಡಿ, ಮಿಕ್ಸ್ಚರ್ ಬಾಟಲಿ, ಅದಕ್ಕೆ ಅಂಟಿಸುತ್ತಿದ್ದ ಡೋಸಿನ ಕಾಗದಪಟ್ಟಿ ಎಲ್ಲ ಇದೆ. ಫಲಕಕ್ಕೆ ‘ಕಂಪೌಂಡರ್’ ಬದಲು ಗೆಳೆಯರು ‘ಔಷಧಿ ವಿತರಕ’ ಅಂತಿದ್ದಾರೆ. ಸರೀನಾ? ಸಂಜೆ ಪ್ರಿಂಟ್‌ಗೆ ಕೊಡಬೇಕು.

ಉತ್ತರ 1: ತಪ್ಪು. ವಿತರಕ ಅಂದರೆ ಅಂಗಡಿಗಳಿಗೆ ಸರಕು ಕಳಿಸುವವನು. ‘ಔಷಧಿ’ಯೂ ತಪ್ಪು. ಸಂಸ್ಕೃತದಲ್ಲಿ ಓಷಧಿ ಎಂದರೆ ಗಿಡ, ಅದರಿಂದ ಮಾಡಿದ್ದು ಔಷಧ. ಎರವಲು ತಂದು ಅದನ್ನೂ ಕೆಡಿಸುವುದೇಕೆ? ‘ಮದ್ದುಗಾರ’ ಎನ್ನಿ. ತಮಿಳಿನ ಮರುಂದು, ತುಳುವಿನ ಮರ್ದ್, ತೆಲುಗಿನ ಮಂದು ಎಲ್ಲ ನಮ್ಮ ಮದ್ದಿನ ಒಡಹುಟ್ಟುಗಳೇ.

ಉತ್ತರ 2: ಮದ್ದುಗಾರ ಬೇಡವೇ ಬೇಡ. ಕೋವಿಗೆ ತುಂಬುವುದೂ ಮದ್ದೇ. ‘ಮದ್ದು ಹಾಕಿದರು’ ಅಂದರೆ ನಮ್ಮ ಕಡೆ ಜನ ಊಟ ಬಿಟ್ಟು ಏಳುತ್ತಾರೆ. ನಮ್ಮಪ್ಪ ಕಂಪೌಂಡರ್ ಆಗಿದ್ದರು. ಡಾಕ್ಟರ ಚೀಟಿ ನೋಡಿ, ಅರೆದು, ಬೆರೆಸಿ, ಬಾಟಲಿಗೆ ತುಂಬಿ ಕೊಡುತ್ತಿದ್ದರು. ಊರಿಗೆಲ್ಲ ಅವರು ‘ಕಂಪೌಂಡರಣ್ಣ’. ಆ ಹೆಸರನ್ನು ಫಲಕದಿಂದ ಅಳಿಸಬೇಡಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಫಾರ್ಮಸಿ ಓದು ಶುರು ಮಾಡಿದ್ದು 1932ರಲ್ಲಿ. ಫಾರ್ಮಸಿ ಕಾಯ್ದೆ ಬಂದದ್ದು 1948ರಲ್ಲಿ. ಅಲ್ಲಿಂದ ಮುಂದೆ ‘ಫಾರ್ಮಸಿಸ್ಟ್’. ಇವು ಎರಡು ಕಾಲದ ಎರಡು ಪದ, ಒಂದೇ ಮಾಡಬೇಡಿ.

ಉತ್ತರ 1: ಕಾಯ್ದೆಯ ಕತೆ ಯಾರು ಕೇಳಿದರು? ಹೀಗೇ ಬಿಟ್ಟರೆ ‘ವೈದ್ಯ’ ಹೋಗಿ ಡಾಕ್ಟರ್ ಬಂದಂತೆ ಎಲ್ಲ ಪದವೂ ಹೋಗುತ್ತದೆ.

ಉತ್ತರ 2: ‘ವೈದ್ಯ’ ಸಂಸ್ಕೃತದ್ದು. ಅದನ್ನು ಒಪ್ಪಿದ ಮೇಲೆ ಕಂಪೌಂಡರ್ ಮೇಲೆ ಯಾಕೆ ಸಿಟ್ಟು? ಜನ ಮೂರು ತಲೆಮಾರು ಕರೆದ ಪದ ಕನ್ನಡವೇ.

ಕೇಳಿದವಳು: ಇಬ್ಬರಿಗೂ ಥ್ಯಾಂಕ್ಸ್. ಲ್ಯಾಬ್‌ನಲ್ಲಿ ಎಮಲ್ಷನ್, ಅಂದ್ರೆ ಎಣ್ಣೆ ನೀರು ಒಂದಾಗಿ ಬೆರೆಸಿದ ಮದ್ದು, ಮಾಡುವಾಗ ಎಣ್ಣೆ, ನೀರು, ಗೋಂದು 4:2:1ರಲ್ಲಿ ತೆಗೆದುಕೊಂಡು ಚಟಚಟ ಸದ್ದು ಬರುವ ತನಕ ಒಂದೇ ಸಮನೆ ಅರೀತೀವಿ. ಕೈ ಸೋತುಹೋಗುತ್ತದೆ. ಅದನ್ನು ವಿತರಣೆ ಅನ್ನೋಕೆ ನನಗೂ ಮನಸ್ಸಿಲ್ಲ. ಫಲಕ ಹೀಗಿರಲಿ: ‘ಕಂಪೌಂಡರ್ ಕೋಣೆ’. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಮದ್ದು ಅಳೆದು, ಅರೆದು, ಬೆರೆಸುತ್ತಿದ್ದ ಜಾಗ’.

ಉತ್ತರ 1: ಕೆಳಗಿನ ಸಾಲು ಚೆನ್ನಾಗಿದೆ. ಮೇಲಿನದನ್ನು ನಾನು ಒಪ್ಪುವುದಿಲ್ಲ.

ಉತ್ತರ 2: ಪುಡಿಯನ್ನು ತೂಗುತ್ತಾರಮ್ಮ, ನೀರನ್ನು ಅಳೆಯುತ್ತಾರೆ. ‘ತೂಗಿ, ಅಳೆದು’ ಎರಡೂ ಹಾಕು.